ಜಾವಾದ ಹಳ್ಳಿ: ನೆಲ, ಮನೆ, ದಾರಿ

'ದೇಶ' ಎಂಬ ಮಾತು ಕಿವಿಗೆ ಬಿದ್ದೊಡನೆ ನಿಮ್ಮ ಕಣ್ಣ ಮುಂದೆ ಬರುವುದು ಹಿಮಾಲಯದಿಂದ ಕನ್ಯಾಕುಮಾರಿಯವರೆಗೆ ಹರಡಿದ ವಿಶಾಲವಾದ ಭೂಮಿ. ಅದೇ ಮಾತನ್ನು ಜಾವಾ ದ್ವೀಪದ ರೈತನೊಬ್ಬನ ಮುಂದೆ ಆಡಿ ನೋಡಿ. ಅವನಿಗೆ ನೆನಪಾಗುವುದು ಬಿದಿರುಮೆಳೆಗಳ ಹಿಂದೆ ಅಡಗಿ ಕುಳಿತ ತನ್ನ ಊರು. ಸಂಸ್ಕೃತದ 'ದೇಶ'ವು ಹಿಂದೆಂದೋ ಕಡಲು ದಾಟಿ ಅಲ್ಲಿ 'ದೇಸ' ಆಯಿತು. ಅರ್ಥವು ಕುಗ್ಗಿ ಹಳ್ಳಿ ಎಂದಾಯಿತು. ಕುಗ್ಗಿತು ಎನ್ನುವುದು ನಮ್ಮ ಲೆಕ್ಕ. ಅದಕ್ಕಿಂತ ದೊಡ್ಡ ದೇಶ ಆ ರೈತನಿಗೆ ಬಹುಕಾಲ ಬೇಕಾಗಿರಲಿಲ್ಲ.

ಬೊರೊಬುದೂರಿನ ಸ್ತೂಪವಿರುವ ಕೆದು ಬಯಲಿನಲ್ಲಿ ನಿಂತು ನೋಡಿದರೆ ಮೊದಲಿಗೆ ಊರುಗಳೇ ಕಾಣುವುದಿಲ್ಲ. ಕಾಣುವುದು ನೀರು ನಿಂತ ಗದ್ದೆ, ಅದರ ನಡುವೆ ದ್ವೀಪಗಳಂತೆ ತೆಂಗು, ಬಾಳೆ, ಬಿದಿರಿನ ಗುಂಪುಗಳು. ಹತ್ತಿರ ಹೋದ ಮೇಲೆ ತಾನೆ ಆ ಹಸುರಿನೊಳಗೆ ಮನೆಗಳಿರುವುದು ತಿಳಿಯುವುದು. ಇಂಥ ಹಳ್ಳಿಯನ್ನು ಕುರಿತು ಬರೆದ ಹೊರಗಿನವರು ಬಹುಮಂದಿ ಒಂದೇ ಮಾತು ಹೇಳಿದ್ದಾರೆ: ಸದ್ದಿಲ್ಲದ ಊರು, ತಾಳ್ಮೆಯ ಜನ, ನೂರಾರು ವರ್ಷಗಳಿಂದ ಕದಲದ ಬಾಳು. ಸದ್ದಿಲ್ಲ ಎಂಬುದು ನಿಜವಿದ್ದೀತು. ಕದಲದ ಬಾಳು ಎಂಬ ಮಾತನ್ನು ಮಾತ್ರ ನನಗೆ ಒಪ್ಪುವುದಕ್ಕಾಗದು.

ಹಿಂದಿನ ಜಾವಾದಲ್ಲಿ ನೆಲ ಹೆಚ್ಚು, ಜನ ಕಡಿಮೆ. ಇಂದು ನಮ್ಮ ಕರ್ನಾಟಕಕ್ಕಿಂತ ಚಿಕ್ಕದಾದ ಆ ದ್ವೀಪದಲ್ಲಿ 15 ಕೋಟಿ ಜನ ಬಾಳುತ್ತಿದ್ದಾರೆಂದು ಬಲ್ಲ ನಿಮಗೆ ಇದು ವಿಚಿತ್ರವಾಗಿ ತೋರಬಹುದು. ಆದರೆ 1815ರ ಸುಮಾರಿಗೆ ಬ್ರಿಟಿಷರು ಎಣಿಸಿದಾಗ ಸಿಕ್ಕಿದ ತಲೆ 50 ಲಕ್ಷವೂ ಇರಲಿಲ್ಲ. ಎಣಿಕೆಯಲ್ಲಿ ತಪ್ಪಿಸಿಕೊಂಡವರನ್ನು ಸೇರಿಸಿದರೂ ನೆಲವು ಜನರನ್ನು ಕಾಯುತ್ತಿದ್ದ ಕಾಲವೇ ಅದು. ಆದ್ದರಿಂದಲೆ ಮತಾರಾಮಿನ ರಾಜರು ತಮ್ಮ ಅಧಿಕಾರಿಗಳಿಗೆ ಸಂಬಳವಾಗಿ ಕೊಡುತ್ತಿದ್ದುದು ಇಷ್ಟು ಎಕರೆ ಭೂಮಿ ಎಂದಲ್ಲ. ಇಷ್ಟು 'ಚಾಚಾಹ್' ಎಂದು. ಚಾಚಾಹ್ ಎಂದರೆ ದುಡಿದು ಕಂದಾಯ ಕೊಡುವ ಒಂದು ಸಂಸಾರ; ನಮ್ಮ 'ಒಕ್ಕಲು' ಎಂಬ ಮಾತಿಗೆ ಬಹಳ ಹತ್ತಿರ. 1755ರಲ್ಲಿ ಗಿಯಾಂತಿ ಎಂಬಲ್ಲಿ ಒಪ್ಪಂದವಾಗಿ ಆ ರಾಜ್ಯ ಎರಡಾದಾಗಲೂ ಭಾಗವಾದದ್ದು ಒಕ್ಕಲುಗಳ ಲೆಕ್ಕದಲ್ಲಿಯೇ.

ಇದರಿಂದ ರೈತನಿಗೆ ಒಂದು ಬಲ ಬಂದಿತ್ತು. ಒಡೆಯನ ಕಾಟ ಮಿತಿಮೀರಿದರೆ ಅವನು ದಂಗೆ ಏಳುತ್ತಿರಲಿಲ್ಲ. ರಾತ್ರಿ ಗಂಟುಮೂಟೆ ಕಟ್ಟಿ ಬೇರೆ ಒಡೆಯನ ಸೀಮೆಗೆ ಹೊರಟುಬಿಡುತ್ತಿದ್ದ. ನೆಲ ಅಲ್ಲಿಯೂ ಉಂಟು, ಅಲ್ಲಿಯವನಿಗೆ ಆಳು ಬೇಕು. ಜಾವಾದ ರೈತನ ಮೊದಲ ಪ್ರಯಾಣವು ತೀರ್ಥಯಾತ್ರೆಯೂ ಅಲ್ಲ, ವ್ಯಾಪಾರವೂ ಅಲ್ಲ. ಅದು ಅವನ ಅರ್ಜಿ, ಅವನ ಮೊಕದ್ದಮೆ.

ಹಾಗಾದರೆ ಹಳ್ಳಿಯಲ್ಲಿ 'ನನ್ನ ಹೊಲ' ಎಂಬ ಮಾತಿಗೆ ಅರ್ಥವೇನು? ಕೆದುವಿನ ಕಡೆ ಗದ್ದೆಯಲ್ಲಿ ಪಾಲುಳ್ಳ ಪೂರ್ಣ ಗ್ರಾಮಸ್ಥನನ್ನು 'ಕುಲಿ' ಎನ್ನುತ್ತಿದ್ದರು. ನಮ್ಮ ಕಿವಿಗೆ ಇದು 'ಕೂಲಿ'ಯ ನೆಂಟನಂತೆ ಕೇಳುತ್ತದೆ, ಆದರೆ ಇಲ್ಲಿ ಕೂಲಿ ಎಂದರೆ ಹೊಲವಿಲ್ಲದವನು, ಅಲ್ಲಿ ಕುಲಿ ಎಂದರೆ ಹೊಲವಿದ್ದವನು! ಕಾರಣವಿಷ್ಟೆ: ಹೊಲವು ಬಿಟ್ಟಿಯೊಂದಿಗೆ ಬರುತ್ತಿತ್ತು. ರಸ್ತೆ, ಸೇತುವೆ, ಕಾಲುವೆ, ಕಾವಲು, ಒಡೆಯನ ಹೊರೆ, ಇವೆಲ್ಲ ಗದ್ದೆಯುಳ್ಳವನ ತಲೆಯ ಮೇಲೆ. ಬೇರೆ ಕಡೆ ಇವನ ಹೆಸರು 'ಸಿಕೆಪ್' ಅಥವಾ 'ಗೋಗೊಲ್'. ಕೆಲವೆಡೆ ಗದ್ದೆ ತಂದೆಯಿಂದ ಮಗನಿಗೆ ಬರುವ ಸ್ವಂತದ್ದು. ಕೆಲವೆಡೆ ಊರಿನದು, ಸರದಿಯಂತೆ ಹಂಚಿಕೊಳ್ಳುವಂಥದು. ಗದ್ದೆಯಿಲ್ಲದೆ ಮನೆಯ ನಿವೇಶನ ಮಾತ್ರ ಇದ್ದವರು ಒಂದು ಮೆಟ್ಟಿಲು ಕೆಳಗೆ. ಇನ್ನೊಬ್ಬರ ಹಿತ್ತಲಿನಲ್ಲಿ ಗುಡಿಸಲು ಹಾಕಿಕೊಂಡವರು ಇನ್ನೂ ಕೆಳಗೆ. ಹಳ್ಳಿಯ ಮುಖ್ಯಸ್ಥನಾದ 'ಲೂರಾಹ್', ಅವನ ಕರಣಿಕ 'ಚಾರಿಕ್', ನೀರು ಹಂಚುವ 'ಉಲು-ಉಲು', ಇವರಿಗೆ ಆಗ ಸಂಬಳವಿರಲಿಲ್ಲ. ಅಧಿಕಾರ ಇರುವವರೆಗೆ ಅನುಭವಿಸಲು ಊರ ಗದ್ದೆಯಲ್ಲಿ ಒಂದು ತುಂಡು. ಅದಕ್ಕೆ 'ಬೆಂಗ್ಕೊಕ್' ಎಂದು ಹೆಸರು. ನಮ್ಮ ಪಟೇಲ ಶಾನುಭೋಗರ ಇನಾಂ ಜಮೀನನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ನಮ್ಮಲ್ಲಿ 1961ರ ಕಾಯಿದೆ ಆ ಪದ್ಧತಿಯನ್ನು ತೆಗೆದುಹಾಕಿತು. ಬೆಂಗ್ಕೊಕ್ ಮಾತ್ರ ಜಾವಾದ ಅನೇಕ ಹಳ್ಳಿಗಳಲ್ಲಿ ಇಂದಿಗೂ ಉಳಿದಿದೆ.

ಗದ್ದೆ ಗಂಡಸಿನ ಹೊರೆಯಾದರೆ ಹಿತ್ತಲು ಹೆಂಗಸಿನ ರಾಜ್ಯ. 'ಪೆಕಾರಾಂಗನ್' ಎಂದು ಅದಕ್ಕೆ ಹೆಸರು. ತೆಂಗು, ಹಲಸು, ಬಾಳೆ, ಪರಂಗಿ, ಮರಗೆಣಸು, ಶುಂಠಿ, ಅರಿಸಿನ, ಎಲ್ಲವೂ ಒಂದರ ಮೈಮೇಲೆ ಒಂದು ಬಿದ್ದಂತೆ ಬೆಳೆದಿರುತ್ತವೆ. ಅದರ ನಡುವೆ ಮನೆ. ಉಳ್ಳವರ ಮನೆಗೆ ತೇಗದ ನಾಲ್ಕು ಮುಖ್ಯ ಕಂಬಗಳು. ಬಡವರದಕ್ಕೆ ಬಿದಿರಿನ ತಟ್ಟಿಯ ಗೋಡೆ. ಒಳಗೆ ನಡುವಣ ಚಿಕ್ಕ ಕೋಣೆ 'ದೇವಿ ಶ್ರೀ'ಗೆ ಮೀಸಲು. ಅವಳು ಭತ್ತದ ತಾಯಿ. ಊರೆಲ್ಲ ಇಸ್ಲಾಂ ಧರ್ಮಕ್ಕೆ ಸೇರಿ ಶತಮಾನಗಳು ಕಳೆದ ಮೇಲೂ ಆಕೆಯ ಕೋಣೆಯನ್ನು ಯಾರೂ ಕಿತ್ತುಕೊಂಡಿರಲಿಲ್ಲ.

ಇನ್ನೊಂದು ಸಂಗತಿ ನಿಮಗೆ ಸೋಜಿಗವೆನಿಸೀತು. ಜಾವಾದವರ ಕಣ್ಣಿನಲ್ಲಿ ಮನೆ ಬೇರೆ, ಅದು ನಿಂತ ನೆಲ ಬೇರೆ. ಮರದ ಮನೆಗೆ ಮೊಳೆಯ ಅಗತ್ಯವಿಲ್ಲ. ತೊಲೆ ಕಂಬಗಳನ್ನು ಒಂದಕ್ಕೊಂದು ಕಚ್ಚಿಸಿ ನಿಲ್ಲಿಸಿರುತ್ತಾರೆ. ಬೇಕಾದಾಗ ಬಿಚ್ಚಬಹುದು, ಮಾರಬಹುದು, ಇನ್ನೊಂದು ಊರಿಗೆ ಸಾಗಿಸಿ ಮತ್ತೆ ಕಟ್ಟಬಹುದು. ಹಗುರವಾದ ಮನೆಯಾದರೆ ನೆರೆಹೊರೆಯವರು ಕೂಡಿ ಹೆಗಲು ಕೊಟ್ಟು ಇಡಿಯಾಗಿಯೇ ಎತ್ತಿ ಒಯ್ಯುವುದೂ ಉಂಟು. ಊರು ಬಿಡುವ ಹಕ್ಕನ್ನು ಬಲವಾಗಿ ಹಿಡಿದುಕೊಂಡಿದ್ದ ಜನ ಮನೆಯನ್ನೂ ಹಾಗೆಯೇ ಕಟ್ಟಿದರೇನೋ ಎಂದು ನನಗೆ ಎಷ್ಟೋ ಸಲ ತೋರಿದೆ. ಇದಕ್ಕೆ ಶಾಸ್ತ್ರಾಧಾರ ಕೇಳಬೇಡಿ.

ಆಸ್ತಿಯ ಹಂಚಿಕೆಯಲ್ಲಿ ಹೆಣ್ಣುಮಗಳನ್ನು ಅವರು ಮರೆಯಲಿಲ್ಲ. ತವರಿನಿಂದ ತಂದದ್ದು ಅವಳದಾಗಿಯೇ ಉಳಿಯುತ್ತದೆ. ಮದುವೆಯಾದ ಮೇಲೆ ಇಬ್ಬರೂ ದುಡಿದು ಗಳಿಸಿದ್ದಕ್ಕೆ 'ಗೊನೊ-ಗಿನಿ' ಎಂದು ಹೆಸರು, ವಿಚ್ಛೇದನವಾದರೆ ಅದು ಭಾಗವಾಗಬೇಕು. ತಂದೆತಾಯಿಯ ಆಸ್ತಿಯನ್ನು ಕೆಲವರು ಸಮನಾಗಿ ಹಂಚುತ್ತಾರೆ. ಇನ್ನು ಕೆಲವರದು ಹೊರೆಯ ಲೆಕ್ಕ: ಗಂಡಸು ಹೆಗಲ ಮೇಲೆ ಅಡ್ಡೆ ಹೊತ್ತರೆ ಅದಕ್ಕೆ ಎರಡು ಬುಟ್ಟಿ, ಹೆಂಗಸು ಬೆನ್ನಿಗೆ ಕಟ್ಟಿಕೊಂಡರೆ ಒಂದೇ ಬುಟ್ಟಿ, ಆದ್ದರಿಂದ ಮಗನಿಗೆ ಎರಡು ಪಾಲು, ಮಗಳಿಗೆ ಒಂದು. ಕೊನೆಗಾಲದಲ್ಲಿ ನೋಡಿಕೊಂಡ ಮಗಳಿಗೆ ಹಳೆಯ ಮನೆ ಬರುವುದು ಸಾಮಾನ್ಯ.

ಆ ಬೆನ್ನಿನ ಬುಟ್ಟಿಯೇ ಹಳ್ಳಿಯನ್ನು ಹೊರಜಗತ್ತಿಗೆ ಕಟ್ಟಿದ್ದು. ಜಾವಾದಲ್ಲಿ ಏಳು ದಿನಗಳ ವಾರದ ಜೊತೆಗೆ ಐದು ದಿನಗಳ ವಾರವೊಂದು ನಡೆಯುತ್ತದೆ: ಲೆಗಿ, ಪಾಹಿಂಗ್, ಪೋನ್, ವಾಗೆ, ಕ್ಲಿವೊನ್. ಇಂದು ಒಂದೂರಿನಲ್ಲಿ ಸಂತೆ, ನಾಳೆ ನೆರೆಯೂರಿನಲ್ಲಿ. ಐದನೆಯ ದಿನಕ್ಕೆ ಸುತ್ತು ಮುಗಿದು ಮತ್ತೆ ಮೊದಲಿನ ಊರು. ಕೋಳಿ ಕೂಗುವ ಮುನ್ನ ಉದ್ದನೆಯ ವಸ್ತ್ರದಿಂದ ಬುಟ್ಟಿಯನ್ನು ಬೆನ್ನಿಗೆ ಬಿಗಿದು ಗದ್ದೆಯ ಬದುವಿನ ಮೇಲೆ ಸಾಲಾಗಿ ನಡೆಯುತ್ತಿದ್ದವರು ಹೆಂಗಸರು. ಚೌಕಾಸಿ ಅವರದು, ಹಣದ ಗಂಟೂ ಅವರದು. ಕದಲದ ಊರು ಎಂದು ಬರೆದ ಮಹನೀಯರು ಪ್ರಾಯಶಃ ಅಷ್ಟು ಬೇಗ ಎದ್ದಿರಲಿಕ್ಕಿಲ್ಲ.

ಕಾಲುದಾರಿಯ ಈ ಲೋಕಕ್ಕೆ ಹೆದ್ದಾರಿ ಬಂದದ್ದು 1808ರಲ್ಲಿ. ಡಚ್ಚರ ಗವರ್ನರ್ ಜನರಲ್ ಡೇಂಡೆಲ್ಸ್ ದ್ವೀಪದ ಪಶ್ಚಿಮದ ಆನ್ಯೆರಿನಿಂದ ಪೂರ್ವದ ಪಾನಾರುಕಾನ್‌ವರೆಗೆ ಸುಮಾರು 1,000 ಕಿಲೋಮೀಟರು ಟಪಾಲು ರಸ್ತೆ ಹಾಕಿಸಿದ. ಬಹುಪಾಲು ಬಿಟ್ಟಿ ದುಡಿಮೆ. ಸಾವಿರಾರು ಜನ ಕಾಡಿನಲ್ಲಿ, ಜ್ವರದಲ್ಲಿ ಸತ್ತರು. ರಸ್ತೆಯಾದ ಮೇಲೆ ಅದರ ಮೇಲೆ ಓಡಿದ್ದು ಟಪಾಲು ಮತ್ತು ದೊರೆಗಳ ಕುದುರೆಗಾಡಿ. ಹಳ್ಳಿಯವನ ಕೋಣನ ಗಾಡಿ ಪಕ್ಕದ ಮಣ್ಣಿನ ಹಾದಿಯಲ್ಲಿ ಹೋಗಬೇಕು. ಹಾಕಿದವನು ಹತ್ತುವಂತಿಲ್ಲ.

1811ರಲ್ಲಿ ಬ್ರಿಟಿಷರು ಜಾವಾವನ್ನು ಗೆದ್ದುಕೊಂಡರು, ಐದು ವರ್ಷ ಆಳಿದರು. ಇಲ್ಲಿ ನಮ್ಮ ನಾಡಿನ ನೆರಳು ಕಾಣಿಸಿಕೊಳ್ಳುತ್ತದೆ. 1799ರ ಶ್ರೀರಂಗಪಟ್ಟಣದ ಪತನದ ಬಳಿಕ ಮೈಸೂರು ಸೀಮೆಯನ್ನು ಊರೂರಾಗಿ ಮೋಜಣಿ ಮಾಡಿ ಕೈಫಿಯತ್ತುಗಳನ್ನು ಕೂಡಿಹಾಕಿದ ಕಾಲಿನ್ ಮೆಕೆಂಜಿ, ಆ ದಂಡಿನೊಡನೆ ಜಾವಾಕ್ಕೂ ಹೋದ. ಅಲ್ಲಿ ನೆಲದ ಹಕ್ಕು ಯಾರದೆಂದು ವಿಚಾರಿಸುವ ಸಮಿತಿಗೆ ಅವನೇ ಮುಖ್ಯಸ್ಥ. ಆಳುತ್ತಿದ್ದ ರಾಫಲ್ಸನ ಮುಂದೆ ಇದ್ದ ಮಾದರಿಯೂ ಇಲ್ಲಿಯದೇ: ನಮ್ಮ ಕನ್ನಡ ಜಿಲ್ಲೆಯಲ್ಲಿ ಮತ್ತು ಬಳ್ಳಾರಿ ಸೀಮೆಯಲ್ಲಿ ಕಲೆಕ್ಟರಾಗಿದ್ದ ಥಾಮಸ್ ಮನ್ರೋ ಬೆಳೆಸಿದ ರೈತವಾರಿ ಪದ್ಧತಿ. ಆದರೆ ನೋಡಿ, 1800ರಲ್ಲಿ ಕನ್ನಡ ಜಿಲ್ಲೆಯಿಂದ ಬರೆದಾಗ ಮನ್ರೋ ಹೇಳಿದ್ದು ಅಲ್ಲಿ ನೆಲ ಹಿಂದಿನಿಂದಲೂ ರೈತರ ಸ್ವಂತ ಆಸ್ತಿಯೆಂದು. ರಾಫಲ್ಸ್ ಜಾವಾದಲ್ಲಿ ಕಂಡುಕೊಂಡದ್ದು ನೆಲವೆಲ್ಲ ದೊರೆಯದು, ಆದ್ದರಿಂದ ಈಗ ಸರ್ಕಾರದ್ದು ಎಂದು! ಒಳ್ಳೆಯ ಗದ್ದೆಯ ಫಸಲಿನಲ್ಲಿ ಅರ್ಧ, ಮಧ್ಯಮದಲ್ಲಿ ಐದರಲ್ಲಿ ಎರಡು, ಕಡೆಯದರಲ್ಲಿ ಮೂರರಲ್ಲೊಂದು ಎಂದು ಕಂದಾಯ ಗೊತ್ತಾಯಿತು. ಜನರನ್ನು ಎಣಿಸುತ್ತಿದ್ದ ಕಾಲ ಹೋಗಿ ನೆಲವನ್ನು ಎಣಿಸುವ ಕಾಲ ಬಂತು.

ಮುಂದಿನದನ್ನು ಬೇಗ ಹೇಳುತ್ತೇನೆ. ಹಿಂತಿರುಗಿದ ಡಚ್ಚರು 1830ರಿಂದ ಹಳ್ಳಿಯ ನೆಲದ ಐದನೆಯ ಒಂದು ಭಾಗದಲ್ಲಿ ಕಬ್ಬು, ನೀಲಿ ಮೊದಲಾದವನ್ನು ಸರ್ಕಾರಕ್ಕಾಗಿ ಬೆಳೆಸಿದರು. ಐದನೆಯ ಒಂದು ಎಂಬುದು ಕಾಗದದ ಮೇಲೆ, ಹೊಲದಲ್ಲಿ ಎಷ್ಟೋ ಕಡೆ ಹೆಚ್ಚು. 1848ರಿಂದ 1850ರವರೆಗೆ ದೆಮಾಕ್, ಗ್ರೋಬೋಗಾನ್ ಸೀಮೆಗಳಲ್ಲಿ ಕ್ಷಾಮ ಬಿತ್ತು. ಬಿಟ್ಟಿಯನ್ನು ಹೆಚ್ಚು ಜನರ ಮೇಲೆ ಹಂಚಲೆಂದು ಗದ್ದೆಯನ್ನೂ ಹೆಚ್ಚು ಪಾಲುಮಾಡಿದ ಹಳ್ಳಿಗಳುಂಟು. ಹೊರಗಿನವರು ಅದನ್ನೇ ಪುರಾತನ ಸಮಾನತೆಯೆಂದು ಕೊಂಡಾಡಿದರು. 1870ರಲ್ಲಿ, ಒಡೆತನವನ್ನು ರುಜುಪಡಿಸಲಾಗದ ನೆಲವೆಲ್ಲ ಸರ್ಕಾರದ್ದೆಂದು ಘೋಷಣೆಯಾಯಿತು. ಅಷ್ಟರಲ್ಲಿ ಜನ ಹೆಚ್ಚಿದ್ದರು, ತೇಗದ ಕಾಡಿಗೆ ಸರ್ಕಾರದ ಕಾವಲು ಬಿದ್ದಿತ್ತು. ರಾತ್ರೋರಾತ್ರಿ ಎದ್ದುಹೋಗಲು ಖಾಲಿ ಸೀಮೆ ಎಲ್ಲಿ?

ಊರು ಬಿಡುವ ದಾರಿ ಮುಚ್ಚಿದಾಗ ಸದ್ದಿಲ್ಲದ ಹಳ್ಳಿ ಏನು ಮಾಡಿತೆಂಬುದನ್ನು ಬ್ಲೋರಾ ಸೀಮೆಯಲ್ಲಿ ನೋಡಬೇಕು. ಸುಣ್ಣಕಲ್ಲಿನ ಗುಡ್ಡ, ತೇಗದ ಕಾಡು, ತೆಳ್ಳನೆಯ ಮಣ್ಣು. ಅಲ್ಲಿ 1890ರ ಸುಮಾರಿಗೆ ಸಾಮಿನ್ ಸುರೋಸೆಂತಿಕೊ ಎಂಬ ರೈತ ನೆರೆಯವರಿಗೆ ಬೋಧಿಸತೊಡಗಿದ: ನೆಲ, ನೀರು, ಕಟ್ಟಿಗೆ ಎಲ್ಲರ ಸೊತ್ತು. ಅವನ ಅನುಯಾಯಿಗಳು ಕತ್ತಿ ಹಿಡಿಯಲಿಲ್ಲ, ಕಲ್ಲು ಎಸೆಯಲಿಲ್ಲ. ಕಂದಾಯ ಕೊಡುವುದನ್ನು ನಿಲ್ಲಿಸಿದರು, ಬಿಟ್ಟಿಗೆ ಹೋಗಲಿಲ್ಲ. ಜಾವಾದ ಭಾಷೆಯಲ್ಲಿ ಮೇಲಿನವರೊಡನೆ ಆಡಲು 'ಕ್ರಾಮಾ' ಎಂಬ ಗೌರವದ ನುಡಿ ಬೇರೆ, ಸಮಾನರೊಡನೆ ಆಡುವ ನುಡಿ ಬೇರೆ. ಇವರು ಅಧಿಕಾರಿಗಳ ಮುಂದೆಯೂ ಸಮಾನರ ನುಡಿಯನ್ನೇ ಆಡಿದರು. ನಮ್ಮ ತಾಲ್ಲೂಕು ಕಚೇರಿಯಲ್ಲಿ ಅಮಲ್ದಾರರನ್ನು 'ಏನಪ್ಪಾ, ಕೂತ್ಕೊ' ಎಂದಂತೆ. 'ಎಲ್ಲಿಂದ ಬಂದೆ?' ಎಂದರೆ 'ಹಿಂದಿನಿಂದ', 'ಎಲ್ಲಿಗೆ ಹೋಗುತ್ತೀಯೆ?' ಎಂದರೆ 'ಮುಂದಕ್ಕೆ'. ಇಂಥ ಉತ್ತರಗಳ ಕತೆಗಳು ಅಲ್ಲಿ ಇನ್ನೂ ಪ್ರಚಾರದಲ್ಲಿವೆ. ಊರಿನ ಗದ್ದೆಗಳನ್ನು ಸರ್ಕಾರ ಹೊಸದಾಗಿ ವಿಂಗಡಿಸಲು ಬಂದಾಗ ಅವರಲ್ಲಿ ಕೆಲವರು ಮಣ್ಣಿನ ಮೇಲೆ ಉದ್ದಕ್ಕೆ ಮಲಗಿ 'ಇದು ನನ್ನದು' ಎಂದು ಕೂಗಿದರು. ಪತ್ರವಿಲ್ಲದವನು ಬೇರೆ ಯಾವ ರುಜುವಾತು ತರಬೇಕು? 1907ರಲ್ಲಿ ಸರ್ಕಾರ ಸಾಮಿನ್‌ನನ್ನು ಹಿಡಿದು ಸುಮಾತ್ರಾಕ್ಕೆ ಗಡೀಪಾರು ಮಾಡಿತು. 1914ರಲ್ಲಿ ಅಲ್ಲಿಯೇ ತೀರಿಕೊಂಡ. ಅವನ ಜನ ತಮ್ಮನ್ನು ಕರೆದುಕೊಳ್ಳುವ ಹೆಸರಿನಲ್ಲಿ ಗದ್ದೆಯುಳ್ಳ ಆ ಹಳೆಯ 'ಸಿಕೆಪ್' ಎಂಬ ಮಾತು ಇಂದಿಗೂ ಉಳಿದಿದೆ.

ಇದೇ ಕಾಲದಲ್ಲಿ ಹೊಸ ದಾರಿಗಳೂ ತೆರೆದವು. 1867ರ ಆಗಸ್ಟ್ 10ರಂದು ಸೆಮಾರಾಂಗಿನಿಂದ ತಾಂಗ್ಗುಂಗಿಗೆ ಮೊದಲ ರೈಲು ಓಡಿತು. ಸಕ್ಕರೆಗೆಂದು ಹಾಕಿದ ಕಂಬಿಗಳ ಮೇಲೆ ಹಳ್ಳಿಯ ಜನ ಮೂರನೆಯ ತರಗತಿಯಲ್ಲಿ ಕಿಕ್ಕಿರಿದು ಪ್ರಯಾಣ ಮಾಡಿದರು. 1890ರಲ್ಲಿ ಮೊದಲ ಕೂಲಿಯಾಳುಗಳು ದಕ್ಷಿಣ ಅಮೆರಿಕದ ಸುರಿನಾಮಿಗೆ ಹೋದರು. 1939ರ ಹೊತ್ತಿಗೆ ಹೀಗೆ ಹೋದವರು ಸುಮಾರು 33,000. 1905ರಲ್ಲಿ ಕೆದುವಿನ 155 ಸಂಸಾರಗಳನ್ನು ಸರ್ಕಾರವೇ ಸುಮಾತ್ರಾದ ಲಾಂಪುಂಗಿಗೆ ಸಾಗಿಸಿ ಕಾಡು ಕಡಿಯಲು ಹಚ್ಚಿತು. ತಾನೇ ಎದ್ದುಹೋಗುತ್ತಿದ್ದ ರೈತನನ್ನು ಈಗ ಪಟ್ಟಿಮಾಡಿ ಕಳಿಸಲಾಯಿತು.

ಸ್ವಾತಂತ್ರ್ಯದ ಬಳಿಕ 1960ರ ಭೂಮಿ ಕಾಯಿದೆ 1870ರ ಘೋಷಣೆಯನ್ನು ಕೊನೆಗಾಣಿಸಿತು. ಅದೇ ವರ್ಷದ ಇನ್ನೊಂದು ಕಟ್ಟಳೆಯಂತೆ ಏಳು ವರ್ಷ ಅಡವಿದ್ದ ಹೊಲ ಹಣವಿಲ್ಲದೆ ಮಾಲೀಕನಿಗೆ ಮರಳಬೇಕು. ಕಾಯಿದೆ ನಿಧಾನವಾದಾಗ ಕಮ್ಯೂನಿಸ್ಟರ ರೈತಸಂಘ ತಾನೇ ಹೊಲಗಳಿಗೆ ಇಳಿಯಿತು, ನೆರೆಹೊರೆ ಎರಡಾಯಿತು. 1965–66ರಲ್ಲಿ ಸೈನ್ಯವೂ ಅದರ ಕಡೆಯವರೂ ಇಂಡೊನೇಷ್ಯಾದಲ್ಲಿ ಕೊಂದವರ ಸಂಖ್ಯೆ ಐದು ಲಕ್ಷಕ್ಕೆ ಕಡಿಮೆಯಿಲ್ಲವೆಂಬುದು ಇತಿಹಾಸಕಾರರ ಸಾಮಾನ್ಯ ಅಂದಾಜು. ಅವರಲ್ಲಿ ಬಹುಮಂದಿ ಮಧ್ಯ ಮತ್ತು ಪೂರ್ವ ಜಾವಾದ ಹಳ್ಳಿಗರು. ಆಮೇಲಿನ ವರ್ಷಗಳಲ್ಲಿ ಅಲ್ಲಿಗೆ ಹೋದವರಿಗೆ ಹಳ್ಳಿ ಬಹಳ ಶಾಂತವಾಗಿ ಕಂಡಿದ್ದರೆ ಆಶ್ಚರ್ಯವಿಲ್ಲ.

1970ರ ದಶಕದಲ್ಲಿ ಹೊಸ ಭತ್ತ ಬಂತು. ಅದುವರೆಗೆ ಅಂಗೈಯಲ್ಲಿ ಅಡಗುವ 'ಆನಿ-ಆನಿ' ಎಂಬ ಚಿಕ್ಕ ಕತ್ತಿಯಿಂದ ಹೆಂಗಸರು ತೆನೆತೆನೆಯಾಗಿ ಕೊಯ್ಯುತ್ತಿದ್ದರು. ದೇವಿ ಶ್ರೀ ಬೆದರಬಾರದೆಂದು ಕತ್ತಿಯನ್ನು ಬೆರಳ ಮರೆಯಲ್ಲಿ ಹಿಡಿಯುವ ವಾಡಿಕೆ. ಕೊಯ್ಲಿಗೆ ಬಂದ ಬಡವರನ್ನು ಬೇಡವೆನ್ನುವಂತಿರಲಿಲ್ಲ, ಕೊಯ್ದುದರಲ್ಲಿ ಅವರಿಗೂ ಪಾಲು. ಈಗ ಪೈರನ್ನು ನಿಂತಂತೆಯೇ ವ್ಯಾಪಾರಿಗೆ ಮಾರುವುದು ಹೆಚ್ಚಿತು. ಅವನು ಕುಡುಗೋಲಿನ ಕೆಲವೇ ಆಳುಗಳನ್ನು ತಂದ. ಪಾಲು ತಪ್ಪಿದವರು ಬಸ್ಸು ಹತ್ತಿ ಪಟ್ಟಣ ಸೇರಿದರು. ಇಂದು ರಂಜಾನ್ ಹಬ್ಬಕ್ಕೆ ಕೋಟಿಗಟ್ಟಲೆ ಜನ ರೈಲು, ಬಸ್ಸು, ಮೋಟಾರ್ ಸೈಕಲ್ಲುಗಳಲ್ಲಿ ಊರಿಗೆ ಮರಳಿ, ನಾಲ್ಕು ದಿನವಿದ್ದು ಹಿಂತಿರುಗುತ್ತಾರೆ.

ಬ್ಲೋರಾದ ಮಗ್ಗುಲಿನ ಕೆಂಡೆಂಗ್ ಗುಡ್ಡಗಳ ಸುಣ್ಣಕಲ್ಲಿಗೆ ಮುಂದೆ ಸಿಮೆಂಟು ಕಾರ್ಖಾನೆಯ ಕಣ್ಣು ಬಿತ್ತು. ಆ ಕಲ್ಲಿನ ಕೆಳಗೆ ಹರಿಯುವ ನೀರೇ ಗದ್ದೆಗಳ ಜೀವ. ವಿರೋಧಿಸಿದವರಲ್ಲಿ ಸಾಮಿನ್‌ನ ಅನುಯಾಯಿಗಳೂ ಇದ್ದರು. 2016ರ ಏಪ್ರಿಲಿನಲ್ಲಿ ಅಲ್ಲಿಯ ಒಂಬತ್ತು ಮಂದಿ ರೈತಹೆಂಗಸರು ಜಕಾರ್ತಾಕ್ಕೆ ಪ್ರಯಾಣಮಾಡಿ, ಅಧ್ಯಕ್ಷರ ಅರಮನೆಯ ಎದುರು ತಮ್ಮ ಕಾಲುಗಳನ್ನು ಪೆಟ್ಟಿಗೆಯಲ್ಲಿರಿಸಿ ಸಿಮೆಂಟು ಸುರಿಸಿಕೊಂಡು ಕುಳಿತರು. ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಕಾರ್ಖಾನೆಯ ಪರವಾನಗಿಯನ್ನು ರದ್ದುಮಾಡಿತು. ಮರುವರ್ಷ ಫೆಬ್ರವರಿಯಲ್ಲಿ ಪ್ರಾಂತದ ಗವರ್ನರು ಹೊಸ ಪರವಾನಗಿ ಕೊಟ್ಟರು.