ಫಿಯೆಟ್ ಕಾರಿನ ಮನೆಮದ್ದು

2023ರ ಅಕ್ಟೋಬರ್ 29ರಂದು ಮುಂಬಯಿಯ ಕೊನೆಯ ಪದ್ಮಿನಿ ಟ್ಯಾಕ್ಸಿಯ ಆಯುಷ್ಯ ಸರಕಾರಿ ದಫ್ತರದ ಪ್ರಕಾರ ಮುಗಿಯಿತು. 2003ರಲ್ಲಿ ಅದೇ ದಿನ ತಾಡದೇವದ ಆರ್.ಟಿ.ಓ. ಕಚೇರಿಯಲ್ಲಿ ನೋಂದಣಿಯಾಗಿದ್ದ ಗಾಡಿ ಅದು. ಈ ನಗರದಲ್ಲಿ ಟ್ಯಾಕ್ಸಿಗೆ ಇಪ್ಪತ್ತು ವರ್ಷ ಮೀರಿ ಓಡುವ ಅಪ್ಪಣೆಯಿಲ್ಲ. ಪತ್ರಿಕೆಗಳೆಲ್ಲ ಬೀಳ್ಕೊಡುಗೆಯ ಲೇಖನ ಬರೆದವು. ಛಾಯಾಚಿತ್ರಗಳಲ್ಲಿ ಕಪ್ಪು-ಹಳದಿ ಬಣ್ಣವಿತ್ತು, ನೆತ್ತಿಯ ಮೇಲಿನ ಕ್ಯಾರಿಯರ್ ಇತ್ತು. ಡಿಕ್ಕಿಯ ಮೂಲೆಯಲ್ಲಿರುತ್ತಿದ್ದ ಬಟ್ಟೆಯ ಗಂಟು ಮಾತ್ರ ಯಾವ ಚಿತ್ರದಲ್ಲಿಯೂ ಕಾಣಲಿಲ್ಲ.

ಟ್ಯಾಕ್ಸಿಯಲ್ಲಿ ಮಾತ್ರವಲ್ಲ, ಮಾಟುಂಗಾ, ಚೆಂಬೂರು, ಘಾಟ್ಕೋಪರಗಳಲ್ಲಿ ಫಿಯೆಟ್ ಇಟ್ಟುಕೊಂಡಿದ್ದ ನಮ್ಮವರ ಕಾರುಗಳಲ್ಲಿಯೂ ಈ ಗಂಟು ಇದ್ದೇ ಇರುತ್ತಿತ್ತು. ಬಿಚ್ಚಿದರೆ ಪ್ಲಗ್ ಬಿಚ್ಚುವ ಪಾನಾ, ಹತ್ತು-ಹನ್ನೆರಡರ ಪಾನಾ, ಒಂದು ತುಂಡು ಪಾಲಿಶ್ ಕಾಗದ, ಸವೆದ ಹಲ್ಲುಜ್ಜುವ ಬ್ರಷ್, ಹಳೆಯ ಬನಿಯನ್, ಅರ್ಧ ಬಟ್ಟೆಸೋಪು. ಪಕ್ಕದಲ್ಲಿ ಒಂದು ಬಾಟಲಿ ನೀರು, ಅದು ಕುಡಿಯುವುದಕ್ಕಲ್ಲ. ಈ ಗಂಟಿನ ಚರಿತ್ರೆಯನ್ನು ಬರೆಯಹೊರಟರೆ, ವಾಚಕರು ನಂಬಲಿ ಬಿಡಲಿ, ಸರ್ ಎಂ. ವಿಶ್ವೇಶ್ವರಯ್ಯನವರಿಂದಲೇ ಆರಂಭಿಸಬೇಕಾಗುತ್ತದೆ.

ಮೋಟಾರು ಮುಂಬಯಿಗೆ ಆಗಲೇ ಹಳೆಯ ಪರಿಚಯ. 1928ರಲ್ಲಿಯೇ ಜನರಲ್ ಮೋಟರ್ಸ್ ಕಂಪನಿ ಶಿವಡಿಯಲ್ಲಿ ಕಾರ್ಖಾನೆ ತೆರೆದಿತ್ತು. ಆದರೆ ಅಲ್ಲಿ ನಡೆಯುತ್ತಿದ್ದುದು ಹಡಗಿನಲ್ಲಿ ಪೆಟ್ಟಿಗೆ ತುಂಬಿ ಬಂದ ಭಾಗಗಳನ್ನು ಜೋಡಿಸುವ ಕೆಲಸ. ಜೋಡಿಸುವುದು ಬೇರೆ, ತಯಾರಿಸುವುದು ಬೇರೆ ಎಂದು ಪಟ್ಟು ಹಿಡಿದವರು ವಿಶ್ವೇಶ್ವರಯ್ಯನವರು. ದಿವಾನಗಿರಿ ಬಿಟ್ಟು ಎಷ್ಟೋ ವರ್ಷಗಳಾದ ಮೇಲೆ, ಎಪ್ಪತ್ತು ದಾಟಿದ ವಯಸ್ಸಿನಲ್ಲಿ, ಅವರು ಯುರೋಪು-ಅಮೆರಿಕಗಳನ್ನು ಸುತ್ತಿ ಮೋಟಾರು ಕಾರ್ಖಾನೆಗಳನ್ನು ನೋಡಿ ಬಂದು, ಮುಂಬಯಿಯಲ್ಲಿ ಅಂಥದೊಂದನ್ನು ಕಟ್ಟುವ ಯೋಜನೆ ಮಾಡಿದರು. ಉದ್ಯಮಿ ವಾಲಚಂದ ಹಿರಾಚಂದರು ಜೊತೆ ನಿಂತರು. ಅದು ಕೈಗೂಡದಿದ್ದಾಗ ಬೆಂಗಳೂರಿನಲ್ಲಿ ಮಾಡೋಣವೆಂದು ಮೈಸೂರು ಸರಕಾರ ಮುಂದೆ ಬಂತು; ಯುದ್ಧಕಾಲದ ದಿಲ್ಲಿ ಸರಕಾರ ನೆರವು ಕೊಡಲಿಲ್ಲ. 1940ರ ಡಿಸೆಂಬರಿನಲ್ಲಿ ವಾಲಚಂದರು ಮೈಸೂರು ಸರಕಾರದೊಡನೆ ಸೇರಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಸ್ಥಾಪಿಸಿದರು. ಕಾರಿನ ಕಂಪನಿ ಪ್ರೀಮಿಯರ್ ಆಟೋಮೊಬೈಲ್ಸ್ ಹುಟ್ಟಿದ್ದು 1944ರಲ್ಲಿ, ಅದರ ಕಾರ್ಖಾನೆ ಎದ್ದದ್ದು ಕುರ್ಲಾದಲ್ಲಿ. ಹೀಗೆ ವಿಮಾನ ಬೆಂಗಳೂರಿಗೆ ಬಂತು, ಮೋಟಾರು ಮುಂಬಯಿಗೇ ಉಳಿಯಿತು.

ಕುರ್ಲಾದಿಂದ 1947ರಲ್ಲಿ ಮೊದಲು ಹೊರಬಿದ್ದವು ಅಮೆರಿಕದ ಡಾಡ್ಜ್ ಮುಂತಾದ ದೊಡ್ಡ ಗಾಡಿಗಳು. ಆಮೇಲೆ ಇಟಲಿಯ ಫಿಯೆಟ್ ಕಂಪನಿಯೊಡನೆ ಒಪ್ಪಂದವಾಗಿ 1954ರಲ್ಲಿ ಫಿಯೆಟ್ 1100 ಬಂತು. ಗುಂಡಗೆ, ಮೂತಿ ಮುಂದೆ ಮಾಡಿಕೊಂಡ ಆ ಕಾರಿಗೆ ಮರಾಠಿ ಜನ ಇಟ್ಟ ಹೆಸರು ‘ಡುಕ್ಕರ್’, ಅಂದರೆ ಹಂದಿ. ಪ್ರೀತಿಯ ಹೆಸರೇ. 1964ರಲ್ಲಿ ಮೈ ಚೌಕಟ್ಟಾದ ಡಿಲೈಟ್ ಬಂತು. 1973ರಲ್ಲಿ ಅದೇ ಕಾರು ‘ಪ್ರೆಸಿಡೆಂಟ್’ ಆಯಿತು, ಮರುವರ್ಷ ಚಿತ್ತೋಡದ ರಾಣಿಯ ಹೆಸರು ಹೊತ್ತು ‘ಪದ್ಮಿನಿ’ಯಾಯಿತು. ಹೆಸರು ಬದಲಾದರೂ ಒಳಗೆ ಅದೇ ನಾಲ್ಕು ಸಿಲಿಂಡರಿನ 1089 ಸಿ.ಸಿ. ಎಂಜಿನ್ನು, ಸ್ಟಿಯರಿಂಗಿನ ಪಕ್ಕದಲ್ಲಿ ಅದೇ ಗೇರಿನ ಕೋಲು. ಜನರ ಬಾಯಲ್ಲಿ ಕೊನೆಯವರೆಗೂ ಫಿಯೆಟ್ಟೇ. ಹೊಸ ಶತಮಾನದ ಆರಂಭದಲ್ಲಿ ತಯಾರಿಕೆ ನಿಲ್ಲುವವರೆಗೆ, ಮೂರೂವರೆ ದಶಕ, ಹೆಚ್ಚುಕಡಿಮೆ ಒಂದೇ ಕಾರು.

ಇದಕ್ಕೆ ಕಾರಣ ಕಂಪನಿಯ ಸೋಮಾರಿತನವೊಂದೇ ಅಲ್ಲ. ಇಲ್ಲಿಯೇ ತಯಾರಿಸುವ ಯೋಜನೆಯಿಲ್ಲದವರಿಗೆ ಜಾಗವಿಲ್ಲವೆಂದು ಸರಕಾರ 1953ರಲ್ಲಿ ಹೇಳಿದ ಮೇಲೆ ಜನರಲ್ ಮೋಟರ್ಸ್, ಫೋರ್ಡ್ ಎರಡೂ ಗಂಟುಮೂಟೆ ಕಟ್ಟಿದವು. ಉಳಿದದ್ದು ಫಿಯೆಟ್, ಅಂಬಾಸಿಡರ್, ಸ್ಟ್ಯಾಂಡರ್ಡ್ ಎಂಬ ಮೂರು ಮನೆತನ. ಎಷ್ಟು ತಯಾರಿಸಬೇಕೆಂಬುದಕ್ಕೆ ಲೈಸೆನ್ಸು, ಹೊರಗಿನಿಂದ ತರಿಸುವುದಕ್ಕೆ ಕಡಿವಾಣ, ಬೆಲೆಗೂ ಸರಕಾರದ ಅಂಕೆ. ಹಣ ಕಟ್ಟಿ ವರ್ಷಗಟ್ಟಲೆ ಕಾಯಬೇಕು. ಹೀಗಿರುವಾಗ ಕೈಗೆ ಬಂದ ಕಾರನ್ನು ಯಾರೂ ಐದು ವರ್ಷಕ್ಕೆ ಮಾರಿ ಹೊಸದು ಕೊಳ್ಳುವ ಮಾತಿರಲಿಲ್ಲ. ಹಸುವನ್ನು ಸಾಕಿದ ಹಾಗೆ ಸಾಕಬೇಕು. ಸ್ವಂತ ಕೈಯ ರಿಪೇರಿ ಅಮೆರಿಕದವರಿಗೆ ಭಾನುವಾರದ ಹವ್ಯಾಸವಾಗಿದ್ದಿರಬಹುದು. ಮುಂಬಯಿಯ ಗುಮಾಸ್ತನಿಗೂ ಹೋಟೆಲಿನವನಿಗೂ ಅದು ಮನೆಯ ಲೆಕ್ಕಪತ್ರದ ಪ್ರಶ್ನೆಯಾಗಿತ್ತು.

ನಮ್ಮ ಕಟ್ಟಡದ ಕೆಳಮಹಡಿಯಲ್ಲಿ ಬ್ಯಾಂಕಿನಲ್ಲಿದ್ದ ರಾಯರೊಬ್ಬರಿದ್ದರು. ಭಾನುವಾರ ಸಂಧ್ಯಾವಂದನೆ ತಪ್ಪಿದರೂ ಬಾನೆಟ್ ಎತ್ತುವುದು ತಪ್ಪುತ್ತಿರಲಿಲ್ಲ. “ಮಾಣಿ, ಟಾರ್ಚು ಸರಿಯಾಗಿ ಹಿಡಿಯೋ, ನನ್ನ ಮುಖಕ್ಕಲ್ಲ” ಎಂದು ಅವರು ಗದರುತ್ತಿದ್ದುದೇ ನನ್ನ ಎಂಜಿನಿಯರಿಂಗ್ ಶಿಕ್ಷಣ. ಪ್ಲಗ್ಗು ಬಿಚ್ಚಿ ತುದಿಯ ಬಣ್ಣ ನೋಡಿ ಅವರು ಎಂಜಿನ್ನಿನ ಜಾತಕ ಹೇಳುತ್ತಿದ್ದರು. ಹಾಲು ಹೆಚ್ಚಾದ ಕಾಫಿಯ ಬಣ್ಣವಿದ್ದರೆ ಆರೋಗ್ಯ. ಮಸಿ ಹಿಡಿದಿದ್ದರೆ ಪೆಟ್ರೋಲು ಹೆಚ್ಚು, ಗಾಳಿ ಕಡಿಮೆ. ಬೂದಿಯಂತೆ ಬಿಳುಪಾಗಿದ್ದರೆ ಎಂಜಿನ್ನು ಕಾಯುತ್ತಿದೆ. ಆ ಪ್ಲಗ್ಗು ಬಹುಮಟ್ಟಿಗೆ ಮೈಕೋ, ಅಂದರೆ 1951ರಲ್ಲಿ ಸ್ಥಾಪಿತವಾದ ಮೋಟಾರ್ ಇಂಡಸ್ಟ್ರೀಸ್ ಕಂಪನಿಯದು, ನಮ್ಮ ಬೆಂಗಳೂರು ಆಡುಗೋಡಿಯ ಮಾಲು. ರಾಯರು ಅದನ್ನು ಬ್ರಷ್ಷಿನಿಂದ ಉಜ್ಜುವಾಗ ‘ಊರಿನದ್ದು’ ಎಂದು ಹೇಳಲು ಮರೆಯುತ್ತಿರಲಿಲ್ಲ.

ಪ್ಲಗ್ಗಿನ ನಂತರದ ಸರದಿ ‘ಪಾಯಿಂಟಿ’ನದು. ಡಿಸ್ಟ್ರಿಬ್ಯೂಟರ್ ಎಂಬ ಕಪ್ಪು ಟೋಪಿಯ ಅಡಿಯಲ್ಲಿ ಎರಡು ಪುಟ್ಟ ಲೋಹದ ಮೊನೆಗಳು ಕೂಡುತ್ತ ಅಗಲುತ್ತ ಇರುತ್ತವೆ. ಅಗಲಿದ ಕ್ಷಣದಲ್ಲಿ ಪ್ಲಗ್ಗಿಗೆ ಕಿಡಿ ಹೋಗುತ್ತದೆ. ದಿನ ಕಳೆದಂತೆ ಮೊನೆಗಳು ಸುಟ್ಟು ಒಂದರ ಮೇಲೆ ಗುಳಿ, ಇನ್ನೊಂದರ ಮೇಲೆ ಗುಬ್ಬಿ ಏಳುತ್ತದೆ. ಪಾಲಿಶ್ ಕಾಗದದಿಂದ ನಯ ಮಾಡಬೇಕು. ಅದಿಲ್ಲದಿದ್ದರೆ ಬೆಂಕಿಪೊಟ್ಟಣದ ಗೀರುವ ಬದಿಯಾದರೂ ಆದೀತು. ಆಮೇಲೆ ನಡುವಿನ ಸಂದನ್ನು ಅರ್ಧ ಮಿಲಿಮೀಟರಿಗೂ ತುಸು ಕಡಿಮೆಯಿರುವಂತೆ ಕೂಡಿಸಬೇಕು. ಅಳೆಯಲು ಫೀಲರ್ ಗೇಜ್ ಎಂಬ ತೆಳು ತಗಡುಗಳ ಕಟ್ಟು ಸಿಗುತ್ತಿತ್ತು. ದಾರಿಯಲ್ಲಿ ಕೆಟ್ಟಾಗ ಮಡಚಿದ ವಿಸಿಟಿಂಗ್ ಕಾರ್ಡೇ ಗೇಜು.

ಬೇಸಗೆ ರಜೆಯಲ್ಲಿ ಸಂಸಾರ ಸಮೇತ ಊರಿಗೆ ಹೊರಟಾಗ ಗಂಟಿನ ಹಳೆಯ ಬನಿಯನ್ನು ಹೊರಗೆ ಬರುತ್ತಿತ್ತು. ಖಂಡಾಲದ ಘಾಟಿಯನ್ನೋ ಕಶೇಡಿಯ ಘಾಟಿಯನ್ನೋ ಹತ್ತುವಾಗ ಎಂಜಿನ್ನಿನ ಶಾಖಕ್ಕೆ ಪಂಪಿನಲ್ಲಿಯೂ ಕೊಳವೆಯಲ್ಲಿಯೂ ಪೆಟ್ರೋಲು ಆವಿಯಾಗಿಬಿಡುತ್ತದೆ. ದ್ರವವನ್ನು ನೂಕಲು ಮಾಡಿದ ಪಂಪು ಆವಿಯನ್ನು ನೂಕಲಾರದು. ತೊಟ್ಟಿ ತುಂಬಿದ್ದರೂ ಎಂಜಿನ್ನು ಉಪವಾಸ. ಬನಿಯನ್ನನ್ನು ನೀರಿನಲ್ಲಿ ಅದ್ದಿ ಪಂಪಿಗೆ ಸುತ್ತಿದರೆ, ಜ್ವರದ ಮಗುವಿಗೆ ಹಣೆಯ ಮೇಲೆ ಪಟ್ಟಿ ಹಾಕಿದಂತೆ, ಹತ್ತು ನಿಮಿಷದಲ್ಲಿ ದಾರಿಗೆ ಬರುತ್ತದೆ. ಪೆಟ್ರೋಲು ತೊಟ್ಟಿಗೆ ಕಲ್ಲು ತಾಗಿ ಒಸರಿದರೆ ಬಟ್ಟೆಸೋಪನ್ನು ಮೆತ್ತುತ್ತಿದ್ದರು. ಪೆಟ್ರೋಲಿಗೆ ಸೋಪು ಕರಗುವುದಿಲ್ಲ, ಆದ್ದರಿಂದ ಗ್ಯಾರೇಜು ಸಿಗುವವರೆಗೆ ನಿಲ್ಲುತ್ತದೆ. ರೇಡಿಯೇಟರು ಸಣ್ಣಗೆ ಸೋರಿದರೆ ಒಂದು ಹಿಡಿ ಅರಿಸಿನ ಪುಡಿ. ಬೆರಳಿನ ಗಾಯಕ್ಕೂ ಅರಿಸಿನ, ರೇಡಿಯೇಟರಿಗೂ ಅರಿಸಿನ! ಆದರೆ ಈ ಮದ್ದನ್ನು ನಾನು ಹೊಗಳಲಾರೆ. ತೂತನ್ನು ಮುಚ್ಚಿದ ಪುಡಿ ಒಳಗಿನ ಸಣ್ಣ ಕೊಳವೆಗಳಲ್ಲಿಯೂ ಕೂತು, ಮುಂದಿನ ಬೇಸಗೆಯಲ್ಲಿ ಎಂಜಿನ್ನು ಕುದಿಯಲು ಅದೇ ಕಾರಣವಾಗುತ್ತಿತ್ತು. ಬ್ಯಾಟರಿಗೆ ಡಿಸ್ಟಿಲ್ಡ್ ವಾಟರಿನ ಬದಲು ಫ್ರಿಜ್ಜಿನಲ್ಲಿ ಕಟ್ಟಿದ ಮಂಜಿನ ನೀರು ಹಾಕುತ್ತಿದ್ದವರೂ ಇದ್ದರು. ಉಳಿಸಿದ್ದು ಚಿಲ್ಲರೆ ಕಾಸು, ಅಪಾಯಕ್ಕೆ ಒಡ್ಡಿದ್ದು ಇಡೀ ಬ್ಯಾಟರಿ.

ಮುಂಬಯಿಯಲ್ಲಿ ಕಾರಿನ ದೊಡ್ಡ ಶತ್ರು ಮಳೆ, ಅದಕ್ಕಿಂತ ದೊಡ್ಡದು ಸಮುದ್ರದ ಉಪ್ಪುಗಾಳಿ. ಕಾರಿಗೊಂದು ಸೂರು ಯಾರಿಗಿತ್ತು? ಮನುಷ್ಯರಿಗೇ ಒಂದೂವರೆ ಕೋಣೆ. ಬೀದಿಯಲ್ಲಿ ನಿಂತ ಗಾಡಿಯ ತಳ ನಾಲ್ಕು ಮಳೆಗಾಲಕ್ಕೆ ಹಪ್ಪಳದಂತಾಗಿ, ಕಾಲಿಟ್ಟರೆ ರಸ್ತೆ ಕಾಣಿಸುತ್ತಿತ್ತು. ಮೇ ತಿಂಗಳಲ್ಲಿಯೇ ತಳಕ್ಕೆ ಡಾಂಬರಿನ ಕಪ್ಪು ಬಣ್ಣ ಬಳಿಸುವುದು, ಬಾಗಿಲುಗಳ ಅಡಿಯ ಸಣ್ಣ ರಂಧ್ರಗಳಲ್ಲಿ ಕೂತ ಮಣ್ಣನ್ನು ತಂತಿಯಿಂದ ತೆಗೆಯುವುದು, ಡಿಸ್ಟ್ರಿಬ್ಯೂಟರಿಗೆ ಪ್ಲಾಸ್ಟಿಕ್ ಚೀಲ ತೊಡಿಸುವುದು: ಹಪ್ಪಳ-ಸಂಡಿಗೆಯ ಕೆಲಸದಂತೆ ಇದೂ ಮಳೆಗಾಲದ ತಯಾರಿ. ಬಾಗಿಲಿನ ಆ ರಂಧ್ರಗಳ ಮಹತ್ವ ತಿಳಿಯದೆ, ನೀರು ಒಳಗೆ ಬಾರದಿರಲೆಂದು ಅವನ್ನು ಮೇಣದಿಂದ ಮುಚ್ಚಿಸಿದ ಮಹಾನುಭಾವರನ್ನೂ ನೋಡಿದ್ದೇನೆ. ಮೇಲಿನಿಂದ ಇಳಿದ ನೀರು ಹೊರಹೋಗುವ ದಾರಿ ಅದೇ.

ಇನ್ನು ಅಲಂಕಾರ. ಕಾರ್ಖಾನೆಯವರು ಕೊಟ್ಟದ್ದು ಬರೀ ಮೈ. ಸೀಟಿಗೆ ರೆಕ್ಸಿನ್ ಕವಚ, ಕಿಟಕಿಗೆ ಪರದೆ, ಹಿಂದಿನ ಗಾಜಿನ ಬಳಿ ತಲೆದಿಂಬು, ಡ್ಯಾಶ್‌ಬೋರ್ಡಿನ ಮೇಲೆ ಉಡುಪಿ ಕೃಷ್ಣ, ಇವೆಲ್ಲ ಮನೆಯವರದೇ ಸೇವೆ. ಬಿಡಿಭಾಗಕ್ಕೆ ಆಪೆರಾ ಹೌಸ್ ಕಡೆಯ ಅಂಗಡಿಗಳು, ಹಳೆಯ ಭಾಗಕ್ಕೆ ಕುರ್ಲಾದ ಗುಜರಿ ಸಾಲು ಅಥವಾ ಚೋರ್ ಬಜಾರ್. ರಾತ್ರಿ ಕಳುವಾದ ನಿಮ್ಮ ಚಕ್ರದ ಮುಚ್ಚಳ ಬೆಳಿಗ್ಗೆ ಅಲ್ಲಿ ನಿಮಗೇ ಮಾರಾಟಕ್ಕೆ ಸಿಗುತ್ತದೆಂಬ ನಗೆಮಾತು ಯಾರಿಗೆ ಗೊತ್ತಿಲ್ಲ? ಅದಕ್ಕೇ ವೈಪರನ್ನು ಕಳಚಿ ಮನೆಗೆ ಒಯ್ಯುವುದು, ಆಸನದಡಿಯಲ್ಲಿ ‘ಚೋರ್ ಸ್ವಿಚ್’ ಅಡಗಿಸುವುದು. ಬಿಡಿ ಚಕ್ರಕ್ಕೆ ನಾವೆಲ್ಲ ಹೇಳುವ ‘ಸ್ಟೆಪ್ನಿ’ಯ ಮೂಲವೂ ಸ್ವಾರಸ್ಯದ್ದು. ವೇಲ್ಸಿನ ಲನೆಲ್ಲಿ ಎಂಬ ಊರಿನ ಸ್ಟೆಪ್ನಿ ಬೀದಿಯಲ್ಲಿ 1904ರ ಸುಮಾರಿಗೆ ಅಂಥ ಚಕ್ರ ಮಾಡಲಾರಂಭಿಸಿದರು. ಬ್ರಿಟನ್ನಿನಲ್ಲಿ ಆ ಶಬ್ದ ಹೆಚ್ಚುಕಡಿಮೆ ಮರೆತೇ ಹೋಗಿದೆ. ನಮ್ಮಲ್ಲಿ ಹಳ್ಳಿಯ ಪಂಕ್ಚರ್ ಅಂಗಡಿಯವರೆಗೂ ಹೋಗಿದೆ.

ಇಷ್ಟು ಹೇಳಿ, ಒಂದನ್ನು ಹೇಳದೆ ಬಿಟ್ಟರೆ ಈ ಚರಿತ್ರೆ ಸುಳ್ಳಾಗುತ್ತದೆ. ರಾಯರಂಥವರು ಮಾಡಿದ್ದು ಭಾನುವಾರದ ಕೆಲಸ. ಅದಕ್ಕೂ ಮೀರಿದ್ದನ್ನು ರಸ್ತೆ ಬದಿಯ ಗ್ಯಾರೇಜಿನಲ್ಲಿ ‘ಉಸ್ತಾದ’ನೂ ಅವನ ಕೈಕೆಳಗಿನ ಹುಡುಗರೂ ಮಾಡುತ್ತಿದ್ದರು. ನಮ್ಮ ಕಡೆಯ ಹುಡುಗರು ಹೋಟೆಲಿನಲ್ಲಿ ಲೋಟ ತೊಳೆದಂತೆ, ಆ ಹುಡುಗರು ಪೆಟ್ರೋಲಿನಲ್ಲಿ ಭಾಗಗಳನ್ನು ತೊಳೆಯುತ್ತಿದ್ದರು. ಹೋಟೆಲಿನ ಹುಡುಗನಿಗಾದರೂ ಕನ್ನಡ ರಾತ್ರಿಶಾಲೆಯ ಬಾಗಿಲು ತೆರೆದಿತ್ತು. ಹತ್ತು-ಹನ್ನೆರಡರ ಪಾನಾ ತಾ ಎಂದರೆ ಕತ್ತಲಲ್ಲಿಯೂ ಮುಟ್ಟಿ ತರುತ್ತಿದ್ದ ಗ್ಯಾರೇಜಿನ ಹುಡುಗನಿಗೆ ಆ ಹತ್ತು-ಹನ್ನೆರಡನ್ನು ಬರೆಯಲು ಬರುತ್ತಿತ್ತೇ ಎಂದು ನಾವು ಕೇಳಲಿಲ್ಲ. ಬೆರಳಿನ ಸಂದಿನಲ್ಲಿ ಬಿರುಕು ಬಿಟ್ಟ ಕಪ್ಪು ಚರ್ಮವನ್ನು ನೋಡಿಯೂ ‘ಛೋಟು, ಜಲ್ದಿ ಕರ್’ ಎಂದೆವು. ಸ್ವದೇಶದಲ್ಲಿ ಕಾರು ತಯಾರಾದರೆ ನಾಡಿನ ಜನ ಕೌಶಲ ಕಲಿಯುತ್ತಾರೆಂದು ವಿಶ್ವೇಶ್ವರಯ್ಯನವರು ನಂಬಿದ್ದರು. ಕೌಶಲ ಬಂತು, ನಿಜ. ಆದರೆ ಹೊಸ ಕಾರನ್ನು ರೂಪಿಸುವ ಕೋಣೆಯಲ್ಲಿ ಅದು ಬೆಳೆಯಲಿಲ್ಲ. ಹಳೆಯ ಕಾರನ್ನು ಸಾಯಗೊಡದ ಫುಟ್‌ಪಾತಿನಲ್ಲಿ ಬೆಳೆಯಿತು, ಅದಕ್ಕೆ ಸರ್ಟಿಫಿಕೇಟೂ ಇರಲಿಲ್ಲ, ಪಿಂಚಣಿಯೂ ಇರಲಿಲ್ಲ.

1983ರ ಡಿಸೆಂಬರಿನಲ್ಲಿ ಮಾರುತಿ ಬಂತು. 1991ರ ನಂತರ ಬಾಗಿಲುಗಳೆಲ್ಲ ತೆರೆದವು. ಕಾರ್ಬುರೇಟರು ಹೋಗಿ ಕಂಪ್ಯೂಟರು ಬಂತು; ಪಾಯಿಂಟೂ ಇಲ್ಲ, ಉಜ್ಜುವುದೂ ಇಲ್ಲ. 2005ರ ಜುಲೈ 26ರಂದು ಸಾಂತಾಕ್ರೂಜದಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದು ಕಾರುಗಳು ಮುಳುಗಿದಾಗ ಎರಡು ಕಾಲಗಳ ಅಂತರ ಸ್ಪಷ್ಟವಾಯಿತು. ನೀರು ಕುಡಿದ ಎಲೆಕ್ಟ್ರಾನಿಕ್ ಪೆಟ್ಟಿಗೆಗೆ ಮನೆಮದ್ದಿಲ್ಲ, ಬದಲಿಸಬೇಕು. ಹಳೆಯ ಗಾಡಿಯಾದರೆ ಪ್ಲಗ್ಗು ಬಿಚ್ಚಿ, ಎಂಜಿನ್ನು ತಿರುಗಿಸಿ ಸಿಲಿಂಡರಿನ ನೀರು ಹೊರಹಾಕಿ, ಎಣ್ಣೆ ಬದಲಿಸಿ, ಡಿಸ್ಟ್ರಿಬ್ಯೂಟರನ್ನು ಬಿಸಿಲಿಗಿಟ್ಟು ಕಾಯಬಹುದು. ಆತುರಪಟ್ಟು ಚಾಲೂ ಮಾಡಿದರೆ ಮಾತ್ರ ಹೊಸದೂ ಒಂದೇ, ಹಳೆಯದೂ ಒಂದೇ. ಒಳಗಿನ ರಾಡು ಬಾಗುತ್ತದೆ. ಹಾಗೆಂದು ಹಳೆಯದೇ ಚೆನ್ನಾಗಿತ್ತೆಂದು ನಾನು ಹೇಳುವುದಿಲ್ಲ. ಅದರ ಹೊಗೆಯನ್ನು ಕುಡಿದ ನಗರ ಇದು.

ಟ್ಯಾಕ್ಸಿಗಳಿಗೆ 2008ರಲ್ಲಿ ಇಪ್ಪತ್ತೈದು ವರ್ಷದ ಮಿತಿ ಬಂತು, 2013ರಲ್ಲಿ ಅದು ಇಪ್ಪತ್ತಕ್ಕೆ ಇಳಿಯಿತು. ಸಾವಿರಾರು ಟ್ಯಾಕ್ಸಿಗಳಿದ್ದಾಗ ಫಿಯೆಟ್ಟಿನ ಗೇರಿನ ಬುಷ್ಷು ಎಲ್ಲ ಗಲ್ಲಿಯಲ್ಲಿಯೂ ಸಿಗುತ್ತಿತ್ತು. ಟ್ಯಾಕ್ಸಿ ಕಡಿಮೆಯಾದಂತೆ ಮನೆಯ ಕಾರಿಗೂ ಭಾಗ ಸಿಗದಾಯಿತು. ಕುರ್ಲಾದ ಕಾರ್ಖಾನೆಯ ನೆಲದಲ್ಲಿ ಈಗ ವಸತಿ ಕಟ್ಟಡಗಳಿವೆ.

ರಾಯರು ತಮ್ಮ ಕಾರನ್ನು ಮಾರಿದಾಗ ಗಂಟನ್ನು ಕೊಡಲಿಲ್ಲ. ಅವರ ಮನೆಯಲ್ಲಿ ಆಯುಧಪೂಜೆಯ ದಿನ ಅದನ್ನು ಇನ್ನೂ ಬಿಚ್ಚುತ್ತಾರೆ. ಪಾನಾಗಳಿಗೆ ಎಣ್ಣೆ ಸವರಿ, ಕುಂಕುಮ ಹಚ್ಚಿ, ಕುಂಬಳಕಾಯಿಯ ಪಕ್ಕದಲ್ಲಿ ಸಾಲಾಗಿ ಇಡುತ್ತಾರೆ. ಹೋದ ವರ್ಷ ಅವರ ಮೊಮ್ಮಗಳು ಫೀಲರ್ ಗೇಜನ್ನು ಬೀಸಣಿಗೆಯಂತೆ ಬಿಡಿಸಿ, “ಅಜ್ಜಾ, ಇದು ಯಾವುದಕ್ಕೆ?” ಎಂದು ಕೇಳಿದಳು. ರಾಯರು ಕನ್ನಡಕ ಹುಡುಕಿಕೊಂಡು ಬಂದು, ಅವಳ ಕೈಯಿಂದ ಅದನ್ನು ತೆಗೆದುಕೊಂಡು, ತಗಡುಗಳನ್ನು ಒಂದೊಂದಾಗಿ ಎಣಿಸತೊಡಗಿದರು.