ಗೇಲೆನ್ ಅಭಿಧಮನಿ ವಿರೂಪ: ಗರ್ಭದಲ್ಲೇ ಪತ್ತೆಯಾಗುವ ಅಪರೂಪದ ಮೆದುಳಿನ ರಕ್ತನಾಳದೋಷ

ಅಪಧಮನಿಗಳು ಮೆದುಳಿಗೆ ತಂದ ರಕ್ತವು ಲೋಮನಾಳಗಳ ಸೂಕ್ಷ್ಮ ಜಾಲವನ್ನು ಹಾದು, ವೇಗ ತಗ್ಗಿದ ಬಳಿಕವೇ ಅಭಿಧಮನಿಗಳನ್ನು ಸೇರಬೇಕು. ಈ ಜಾಲವಿಲ್ಲದೆ ಅಪಧಮನಿಗಳು ಮೆದುಳಿನ ನಡುಭಾಗದ ಅಭಿಧಮನಿಯೊಂದಕ್ಕೆ ನೇರವಾಗಿ ಕೂಡಿಕೊಂಡು, ಅದು ಬಲೂನಿನಂತೆ ಉಬ್ಬುವ ಜನ್ಮಜಾತ ದೋಷವೇ ಗೇಲೆನ್ ಅಭಿಧಮನಿ ವಿರೂಪ. ಎರಡನೇ ಶತಮಾನದ ಗ್ರೀಕ್ ವೈದ್ಯ ಗೇಲೆನ್‌ನ ಹೆಸರು ಇದಕ್ಕಿದ್ದರೂ ಉಬ್ಬುವುದು ಆ ಹೆಸರಿನ ನಾಳವಲ್ಲ. ಭ್ರೂಣಾವಸ್ಥೆಯಲ್ಲೇ ಮರೆಯಾಗಬೇಕಿದ್ದ ಅದರ ಪೂರ್ವರೂಪ.

ದೋಷ ಮೂಡುವುದು ಗರ್ಭದ 6ರಿಂದ 11ನೇ ವಾರದೊಳಗೆ. ಕಣ್ಣಿಗೆ ಬೀಳುವುದು ಮಾತ್ರ ಸಾಮಾನ್ಯವಾಗಿ ಏಳನೇ ತಿಂಗಳ ನಂತರ. ಐದನೇ ತಿಂಗಳ ಸ್ಕ್ಯಾನಿಂಗ್‌ನಲ್ಲಿ ‘ಎಲ್ಲವೂ ಸರಿಯಿದೆ’ ಎಂಬ ವರದಿ ಪಡೆದ ದಂಪತಿಗೆ ಇದು ಸಿಡಿಲಿನಂತೆ ಎರಗುತ್ತದೆ. ಆದರೆ ಮೊದಲ ವರದಿ ತಪ್ಪಾಗಿತ್ತೆಂದು ಭಾವಿಸಬೇಕಿಲ್ಲ. ಆಗ ನಾಳ ಅಷ್ಟು ಹಿಗ್ಗಿರುವುದಿಲ್ಲ.

ಅಲ್ಟ್ರಾಸೌಂಡ್‌ನಲ್ಲಿ ಇದು ಮೆದುಳಿನ ನಡುವೆ ಕಪ್ಪಾದ ಉದ್ದನೆಯ ಚೀಲದಂತೆ ತೋರುತ್ತದೆ. ನೀರುಗುಳ್ಳೆಯೆಂದು ಭ್ರಮಿಸುವ ಸಾಧ್ಯತೆ ಉಂಟು. ಕಲರ್ ಡಾಪ್ಲರ್ ಹಚ್ಚಿದೊಡನೆ ಚೀಲದೊಳಗೆ ಸುಳಿಸುತ್ತುವ ರಕ್ತ ಕಾಣಿಸಿ ಸಂಶಯ ತೀರುತ್ತದೆ. ಮೆದುಳಿನ ಅಂಗಾಂಶಕ್ಕೆ ಆಗಲೇ ಹಾನಿಯಾಗಿದೆಯೇ ಎಂಬುದನ್ನು ಎಂಆರ್‌ಐ ತಿಳಿಸುತ್ತದೆ. ಹೃದಯ ಹಿಗ್ಗಿದೆಯೇ ಎಂದೂ ನೋಡಲಾಗುತ್ತದೆ.

ಗರ್ಭದಲ್ಲಿರುವವರೆಗೆ ಮಾಸು ಒಂದು ಬಗೆಯ ರಕ್ಷಣೆ. ರಕ್ತದ ದೊಡ್ಡ ಪಾಲು ಅಡೆತಡೆಯಿಲ್ಲದೆ ಅತ್ತ ಹರಿಯುವುದರಿಂದ ಹೃದಯ ಹೇಗೋ ನಿಭಾಯಿಸುತ್ತದೆ. ಹೊಕ್ಕುಳಬಳ್ಳಿ ಕತ್ತರಿಸಿದ ಮೇಲೆ ಆ ಪ್ರವಾಹವೂ ಮೆದುಳಿನತ್ತ ತಿರುಗುತ್ತದೆ. ತೀವ್ರ ಸ್ವರೂಪದ ದೋಷವಿದ್ದರೆ ಕೆಲವೇ ಗಂಟೆ ಅಥವಾ ದಿನಗಳಲ್ಲಿ ಹೃದಯ ವೈಫಲ್ಯ ಉಂಟಾಗಬಹುದು. ಆದ್ದರಿಂದ ನವಜಾತ ಶಿಶುಗಳ ತೀವ್ರನಿಗಾ ಘಟಕ ಹಾಗೂ ಕ್ಯಾತಿಟರ್ ಮೂಲಕ ನಾಳ ಮುಚ್ಚಬಲ್ಲ ತಜ್ಞರು ಇರುವಲ್ಲೇ ಹೆರಿಗೆಯಾಗುವಂತೆ ಮೊದಲೇ ಏರ್ಪಾಡು ಮಾಡುವುದು ಅಗತ್ಯ. ಔಷಧಗಳಿಂದ ಹೃದಯ ತಡೆದುಕೊಂಡರೆ ಚಿಕಿತ್ಸೆಯನ್ನು ಮಗುವಿಗೆ ಸುಮಾರು 5 ತಿಂಗಳಾಗುವವರೆಗೆ ಮುಂದೂಡುವ ಪದ್ಧತಿಯಿದೆ.

2023ರ ಮಾರ್ಚ್‌ನಲ್ಲಿ ಅಮೆರಿಕದ ಬೋಸ್ಟನ್ ವೈದ್ಯರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. 34 ವಾರದ ಗರ್ಭಸ್ಥ ಶಿಶುವಿನ ತಲೆಬುರುಡೆಗೆ ತಾಯಿಯ ಉದರದ ಮೂಲಕ ಸೂಜಿ ತೂರಿಸಿ, ಉಬ್ಬಿದ ನಾಳದೊಳಗೆ ಲೋಹದ ಸುರುಳಿಗಳನ್ನು ತುಂಬಿದರು. ಎರಡು ದಿನಗಳ ನಂತರ ಜನಿಸಿದ ಹೆಣ್ಣುಮಗುವಿಗೆ ಹೃದಯದ ಔಷಧ ಬೇಕಾಗಲಿಲ್ಲ. ಇದು ವೈದ್ಯಕೀಯ ಪ್ರಯೋಗದ ಭಾಗವಾಗಿ ನಡೆದದ್ದು. ಒಂದು ಯಶಸ್ಸಿನಿಂದ ಎಲ್ಲರಿಗೂ ಅನ್ವಯಿಸುವ ಚಿಕಿತ್ಸೆಯಾಗದು.

ಭಾರತದಲ್ಲಿ ತಡವಾದ ಪತ್ತೆಗೆ ಕಾನೂನಿನ ಮಗ್ಗುಲೂ ಇದೆ. ಗರ್ಭಪಾತ ಕಾಯ್ದೆಯ 2021ರ ತಿದ್ದುಪಡಿಯಂತೆ, ಭ್ರೂಣದ ಗಂಭೀರ ವೈಕಲ್ಯದ ಕಾರಣಕ್ಕೆ 24 ವಾರಗಳ ಬಳಿಕ ಗರ್ಭಪಾತ ಮಾಡಿಸಲು ವೈದ್ಯಕೀಯ ಮಂಡಳಿಯ ನಿರ್ಣಯ ಬೇಕು.