ತೊಡೆಸಂದಿನ ನೋವು: ಫುಟ್ಬಾಲ್ ಆಟಗಾರರಿಗೆ ವಿಶ್ರಾಂತಿಯೊಂದೇ ಸಾಲದು

ಬಾಗಲಕೋಟೆ: ಫುಟ್ಬಾಲ್ ಆಟಗಾರರನ್ನು ಕಾಡುವ ತೊಡೆಸಂದಿನ ನೋವು ವಿಶ್ರಾಂತಿಯಿಂದ ಇಳಿದರೂ, ಮತ್ತೆ ಓಡತೊಡಗಿದೊಡನೆ ಮರುಕಳಿಸುವುದುಂಟು. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಭಾಗದ ಆಟಗಾರರು ಇದರ ಕಾರಣವನ್ನು ಅರಿಯುವುದು ಅಗತ್ಯ.

ಓಡುವಾಗ ದೇಹದ ಭಾರವೆಲ್ಲ ಸರದಿಯಂತೆ ಒಂದೊಂದು ಕಾಲಿನ ಮೇಲೆ ಬೀಳುತ್ತದೆ. ಸೊಂಟ ಓಲದಂತೆ ಹಿಡಿದಿಡುವ ಹೊಣೆ ಪೃಷ್ಠ ಹಾಗೂ ಒಳತೊಡೆಯ ಸ್ನಾಯುಗಳದು. ವೇಗದಲ್ಲಿ ದಿಕ್ಕು ಬದಲಿಸುವಾಗ, ಚೆಂಡನ್ನು ಒದೆಯಲು ಕಾಲು ಬೀಸುವಾಗ ಒಳತೊಡೆಯ ಸ್ನಾಯು ತೀವ್ರ ಎಳೆತಕ್ಕೊಳಗಾಗುತ್ತದೆ. ಅದರ ಬಲ ಕುಂದಿದ್ದರೆ ನೋವು ಮರಳುತ್ತದೆ.

1999ರಲ್ಲಿ ಪ್ರಕಟವಾದ ಡೆನ್ಮಾರ್ಕ್‌ನ ಅಧ್ಯಯನದಲ್ಲಿ, ಒಳತೊಡೆಯ ದೀರ್ಘಕಾಲದ ನೋವಿದ್ದ 68 ಕ್ರೀಡಾಪಟುಗಳನ್ನು ಎರಡು ಗುಂಪು ಮಾಡಲಾಗಿತ್ತು. 8ರಿಂದ 12 ವಾರ ವ್ಯಾಯಾಮ ಮಾಡಿದ ಗುಂಪಿನ 23 ಮಂದಿ ನೋವಿಲ್ಲದೆ ಆಟಕ್ಕೆ ಮರಳಿದರು. ಮಸಾಜ್, ಲೇಸರ್ ಮೊದಲಾದ ಚಿಕಿತ್ಸೆ ಪಡೆದ ಗುಂಪಿನಲ್ಲಿ ಮರಳಿದವರು 4 ಮಂದಿ ಮಾತ್ರ.

ಅಂಗಾತ ಮಲಗಿ, ಮಡಚಿದ ಮೊಣಕಾಲುಗಳ ನಡುವೆ ಚೆಂಡನ್ನಿಟ್ಟು 30 ಸೆಕೆಂಡು ಅದುಮುವುದು, ಹೀಗೆ 10 ಬಾರಿ ಮಾಡುವುದು ಆ ವ್ಯಾಯಾಮದ ಆರಂಭಿಕ ಹಂತಗಳಲ್ಲೊಂದು.

ಕೆಮ್ಮಿದಾಗ ತೊಡೆಸಂದಿನಲ್ಲಿ ಉಬ್ಬು ಕಂಡರೆ, ಸೊಂಟ ಅಥವಾ ಮೊಣಕಾಲು ನೋವಿನಿಂದ ಬಾಲಕರು ಕುಂಟತೊಡಗಿದರೆ ಆಟ ನಿಲ್ಲಿಸಿ ವೈದ್ಯರನ್ನು ಕಾಣಬೇಕು. ವೃಷಣದಲ್ಲಿ ಹಠಾತ್ ತೀವ್ರ ನೋವು ಕಾಣಿಸಿಕೊಂಡರೆ ತಕ್ಷಣ ಆಸ್ಪತ್ರೆಗೆ ಧಾವಿಸಬೇಕು, ವಿಳಂಬ ಸಲ್ಲದು.